ಒಂದೇ ಊರು, ಐದು ರಾತ್ರಿ

ಮೊದಲ ಸಲ ಪರದೇಶಕ್ಕೆ ಹೊರಡುವ ಮನೆಯಲ್ಲಿ ಎಲ್ಲಕ್ಕಿಂತ ಮುಂಚೆ ಸಿದ್ಧವಾಗುವುದು ನೋಡಬೇಕಾದ ಜಾಗಗಳ ಪಟ್ಟಿ. ಅಣ್ಣನ ಮಗ ಒಂದು ಹೆಸರು ಹೇಳುತ್ತಾನೆ, ಎದುರು ಮನೆಯವರು ಇನ್ನೆರಡು ಸೇರಿಸುತ್ತಾರೆ, ಮೊಬೈಲಿನಲ್ಲಿ ಬಂದ ಚಿತ್ರಗಳು ಮತ್ತೆ ನಾಲ್ಕನ್ನು ಕೂಡಿಸುತ್ತವೆ. "ಅಷ್ಟು ದೂರ ಹೋಗಿ ಅದನ್ನೂ ನೋಡದೆ ಬಂದಿರಾ?" ಎಂದು ನಾಳೆ ಯಾರಾದರೂ ಕೇಳಿಯಾರು ಎಂಬ ಅಳುಕು ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡುತ್ತದೆ. ಇವತ್ತಿನ ನನ್ನ ಮಾತು ಆ ಪಟ್ಟಿಯ ವಿರುದ್ಧ. ಕೈಯಲ್ಲಿರುವುದು ಒಂದೇ ವಾರ, ಹೋಗುತ್ತಿರುವುದು ಮೊದಲ ಸಲ ಎಂದಾದರೆ ಆ ವಾರವನ್ನು ಒಂದೇ ಊರಿಗೆ ಕೊಡಬೇಕು ಎನ್ನುವುದು ನನ್ನ ವಾದ. ಗಾಳಿಯಲ್ಲಿ ಮಾತಾಡುವುದು ಬೇಡವೆಂದು ಒಂದು ದೇಶವನ್ನು, ಅದರೊಳಗೆ ಒಂದು ಊರನ್ನು ಮುಂದಿಟ್ಟುಕೊಂಡೇ ಹೇಳುತ್ತೇನೆ. ದೇಶ ಶ್ರೀಲಂಕಾ, ಊರು ಕ್ಯಾಂಡಿ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಗಡಿಯಾರ ತಿರುಗಿಸುವ ಕೆಲಸವಿಲ್ಲ, ಅಲ್ಲಿಯ ಸಮಯವೂ ನಮ್ಮ ಸಮಯವೂ ಒಂದೇ. ರಸ್ತೆಯ ಎಡಗಡೆ ಓಡುವ ವಾಹನ, ಅನ್ನ ಸಾರಿನ ಊಟ, ತೆಂಗಿನ ತೋಟ ಎಲ್ಲವೂ ನಮಗೆ ಗೊತ್ತಿರುವಂಥವೇ. ಆದರೂ ಅದು ಬೇರೆ ದೇಶ, ಬೇರೆ ಭಾಷೆ, ಬೇರೆ ಚರಿತ್ರೆ. ಮೊದಲ ಹೆಜ್ಜೆಗೆ ಇದಕ್ಕಿಂತ ಒಳ್ಳೆಯ ಜಾಗವನ್ನು ಹುಡುಕುವುದು ಕಷ್ಟ.

ಲೆಕ್ಕದಿಂದ ಶುರುಮಾಡೋಣ. ಶ್ರೀಲಂಕಾ ಚಿಕ್ಕ ದ್ವೀಪ, ಒಂದು ವಾರದಲ್ಲಿ ಸುತ್ತಿ ಮುಗಿಸಬಹುದು ಎಂಬುದು ಎಲ್ಲರ ಅಂದಾಜು. ಸಾಮಾನ್ಯವಾಗಿ ಮಾರುವ ಪ್ಯಾಕೇಜು ಹೀಗಿರುತ್ತದೆ: ವಿಮಾನ ನಿಲ್ದಾಣದಿಂದ ಸಿಗಿರಿಯ, ಅಲ್ಲಿಂದ ಕ್ಯಾಂಡಿ, ಕ್ಯಾಂಡಿಯಿಂದ ನುವರ ಎಲಿಯ, ಮುಂದೆ ಎಲ್ಲ ಎಂಬ ಊರು, ಅಲ್ಲಿಂದ ದಕ್ಷಿಣದ ಕಡಲತೀರ, ಕೊನೆಗೆ ಕೊಲಂಬೊ. ನಕಾಶೆಯಲ್ಲಿ ಇವೆಲ್ಲ ಬೆರಳಳತೆಯ ದೂರ. ಆದರೆ ಕ್ಯಾಂಡಿಯಿಂದ ನುವರ ಎಲಿಯಕ್ಕೆ ಎಂಬತ್ತು ಕಿಲೋಮೀಟರಿಗಿಂತ ಕಡಿಮೆಯಿದ್ದರೂ ಘಟ್ಟದ ತಿರುವುಗಳಲ್ಲಿ ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ವಿಮಾನ ನಿಲ್ದಾಣದಿಂದ ಸಿಗಿರಿಯಕ್ಕೆ ನಾಲ್ಕು ಗಂಟೆ. ಇಂಥ ಹಾದಿಗಳನ್ನೆಲ್ಲ ಕೂಡಿಸಿದರೆ ಬರೀ ಕಾರಿನಲ್ಲಿ ಕೂರುವುದಕ್ಕೇ ಹದಿನೇಳು ಹದಿನೆಂಟು ಗಂಟೆ ಹೋಗುತ್ತದೆ. ಅದರ ಮೇಲೆ ವಸತಿ ಬದಲಿಸುವ ಖರ್ಚು. ಹಣದ ಖರ್ಚಲ್ಲ, ಹೊತ್ತಿನ ಖರ್ಚು. ಬೆಳಿಗ್ಗೆ ಹನ್ನೊಂದಕ್ಕೆ ಒಂದು ಕೋಣೆ ಖಾಲಿ ಮಾಡಬೇಕು, ಇನ್ನೊಂದು ಊರಿನ ಕೋಣೆ ಕೈಗೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ಹಾಸಿದ ಬಟ್ಟೆ ಮಡಚಿ, ಒಣಗದ ಟವೆಲ್ಲನ್ನು ಕವರಿಗೆ ತುಂಬಿ, ಚಾರ್ಜರು ಮರೆತೆವೇ ಎಂದು ಮತ್ತೊಮ್ಮೆ ತಡಕಾಡಿ ಹೊರಡುವ ಹೊತ್ತಿಗೆ ಬೆಳಗು ಮುಗಿದಿರುತ್ತದೆ. ಐದು ಸಲ ವಸತಿ ಬದಲಿಸಿದರೆ ಏಳು ದಿನದಲ್ಲಿ ಐದು ಅರ್ಧ ದಿನ ಹೋದಂತೆಯೇ. ಇನ್ನು ಮೈಸೂರಿನ ಒಂದು ಕುಟುಂಬ ಹೊರಟಿದೆ ಎಂದುಕೊಳ್ಳಿ. ಮನೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ನಾಲ್ಕು ಗಂಟೆ, ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ಇರಬೇಕು, ಹಾರಾಟ ಒಂದೂವರೆ ಗಂಟೆ, ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆಯ ಸಾಲು. ಹೋಗುವ ದಿನ, ಬರುವ ದಿನ ಎರಡೂ ಇದರಲ್ಲೇ ಕರಗುತ್ತವೆ. ಹೀಗೆ ಕಳೆಯುತ್ತ ಹೋದರೆ ಆ ವಾರದಲ್ಲಿ ಕಾಲೂರಿ ನಿಲ್ಲುವ ಹೊತ್ತು ಎಷ್ಟು ಉಳಿಯಿತು? ನಮ್ಮ ಆಡುಮಾತಿನಲ್ಲಿ ಇದಕ್ಕೆ ಹೋದ ಪುಟ್ಟ ಬಂದ ಪುಟ್ಟ ಎನ್ನುತ್ತಾರೆ.

ಹೊತ್ತು ಉಳಿಯುತ್ತದೆ ಎಂಬ ಕಾರಣವೊಂದೇ ಆದರೆ ನನ್ನ ವಾದ ಅಷ್ಟೇನೂ ಗಟ್ಟಿಯಲ್ಲ. ಕ್ಯಾಂಡಿಯ ಒಂದು ಸಂಜೆಯನ್ನು ಹತ್ತಿರದಿಂದ ನೋಡಿದರೆ ದೊಡ್ಡ ಕಾರಣ ಕಾಣುತ್ತದೆ. ಸಿಂಹಳದಲ್ಲಿ ಆ ಊರಿನ ಹೆಸರು ಮಹನುವರ, ಅಂದರೆ ಮಹಾನಗರ. ಊರ ನಡುವೆ ಕೆರೆ, ಕೆರೆಯ ದಂಡೆಯಲ್ಲಿ ಬುದ್ಧನ ದಂತಧಾತುವಿನ ದೇಗುಲ, ಶ್ರೀ ದಳದಾ ಮಾಳಿಗಾವ. ಅರಮನೆ ಎಂಬ ಅರ್ಥದ ಈ ಮಾಳಿಗಾವ ನಮ್ಮ ಮಾಳಿಗೆಗೆ ಹತ್ತಿರದ ನೆಂಟ. ದಿನಕ್ಕೆ ಮೂರು ಸಲ, ಬೆಳಗಿನ ಐದೂವರೆಗೆ, ಒಂಬತ್ತೂವರೆಗೆ, ಸಂಜೆ ಆರೂವರೆಗೆ ಅಲ್ಲಿ ತೇವಾವ ಎಂಬ ಪೂಜೆ ನಡೆಯುತ್ತದೆ. ಕೆಳಗಿನ ಮಂಟಪದಲ್ಲಿ ಬಿಳಿ ಪಂಚೆಯ ಮೇಲೆ ಕೆಂಪು ನಡುಪಟ್ಟಿ ಸುತ್ತಿದ, ಬರಿಮೈಯ ವಾದ್ಯಗಾರರು ನಿಂತು ಬಾರಿಸುತ್ತಾರೆ. ದವುಲ ಎಂಬ ಡೋಲು, ಜೊತೆಗೆ ತಮ್ಮೆಟ್ಟಮ ಎಂಬ ಜೋಡಿ ವಾದ್ಯ. ಆ ಹೆಸರು ಕೇಳಿದರೆ ನಮ್ಮ ಕಿವಿಗೆ ತಮಟೆಯ ನೆನಪು ಬರದೆ ಇರದು. ಮಹಡಿಯಲ್ಲಿ ಗರ್ಭಗೃಹದ ಬಾಗಿಲು ತೆರೆಯುತ್ತದೆ. ಜನ ತಾವರೆ, ನೈದಿಲೆ, ದೇವಕಣಗಿಲೆ ಹಿಡಿದು ಸಾಲಿನಲ್ಲಿ ಸಾಗುತ್ತಾರೆ. ದಂತ ಕಣ್ಣಿಗೆ ಬೀಳುವುದಿಲ್ಲ, ಅದನ್ನು ಇಟ್ಟಿರುವ ಚಿನ್ನದ ಕರಂಡಕ ಒಂದೆರಡು ಕ್ಷಣ ಕಾಣುತ್ತದೆ, ಅಷ್ಟೇ. ಮೊದಲ ಸಂಜೆ ಹೋದವರಿಗೆ ಕಾಣುವುದು ಮುಂದಿನವರ ಬೆನ್ನು ಮತ್ತು ಎತ್ತಿ ಹಿಡಿದ ಮೊಬೈಲುಗಳು. ಎಲ್ಲಿ ನಿಲ್ಲಬೇಕು, ಚಪ್ಪಲಿ ಎಲ್ಲಿ ಬಿಡಬೇಕು, ಸಾಲು ಯಾವ ಕಡೆ ತಿರುಗುತ್ತದೆ ಎಂಬುದರಲ್ಲೇ ಗಮನವೆಲ್ಲ ಹೋಗುತ್ತದೆ. ಎರಡನೆಯ ಸಂಜೆ ಈ ಗೊಂದಲ ಇರುವುದಿಲ್ಲ. ಗೋಡೆಗೊರಗಿ ಕೂತರೆ ಮಗುವಿನ ಅಂಗೈಯಲ್ಲಿ ಹೂವಿಟ್ಟು ಅದನ್ನು ಹೇಗೆ ಅರ್ಪಿಸಬೇಕೆಂದು ಅಜ್ಜಿ ಕಲಿಸುವುದು ಕಾಣುತ್ತದೆ, ವಾದ್ಯದ ಗತಿ ಎಲ್ಲಿ ಬದಲಾಗುತ್ತದೆ ಎಂಬುದು ಕಿವಿಗೆ ಬೀಳುತ್ತದೆ. ಇದೇ ನನ್ನ ವಾದದ ತಿರುಳು. ಹೊಸ ಊರು ಮೊದಲ ಸಲ ತೋರಿಸುವುದು ನಮ್ಮ ಗಾಬರಿಯನ್ನು. ತನ್ನನ್ನು ತೋರಿಸಲು ಶುರುಮಾಡುವುದು ಎರಡನೆಯ ಸಲ. ದಿನಕ್ಕೊಂದು ಊರು ಬದಲಿಸುವವರಿಗೆ ಎರಡನೆಯ ಸಲವೇ ಇಲ್ಲ.

ಇದಕ್ಕೆ ಹೊರಗಿನ ಸಾಕ್ಷ್ಯವೂ ಇದೆ. ನೆದರ್ಲೆಂಡ್ಸಿನ ಸಂಶೋಧಕರು ಪ್ರವಾಸ ಮತ್ತು ಸಂತೋಷದ ಸಂಬಂಧವನ್ನು 1530 ಮಂದಿಯಲ್ಲಿ ಅಳೆದು 2010ರಲ್ಲಿ ಪ್ರಕಟಿಸಿದರು. ಪ್ರವಾಸಕ್ಕೆ ಹೊರಡುವವರು ಹೊರಡುವ ಮುಂಚೆಯೇ ಉಳಿದವರಿಗಿಂತ ಖುಷಿಯಾಗಿದ್ದರು. ಎದುರುನೋಡುವುದರಲ್ಲೇ ಒಂದು ಸುಖವಿದೆ, ಅದು ನಮಗೆಲ್ಲ ಗೊತ್ತು. ಹಿಂದಿರುಗಿದ ಮೇಲೆ ಮಾತ್ರ ಹೋಗಿ ಬಂದವರಿಗೂ ಮನೆಯಲ್ಲೇ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಒಂದು ಗುಂಪಿನವರಲ್ಲಿ ಮಾತ್ರ ಆ ಸಂತೋಷ ಇನ್ನೂ ಸ್ವಲ್ಪ ಕಾಲ ಉಳಿದಿತ್ತು. ಪ್ರವಾಸ ತುಂಬ ನಿರಾಳವಾಗಿತ್ತು ಎಂದವರ ಗುಂಪು ಅದು. ಅವರು ಒಂದೇ ಊರಿನಲ್ಲಿದ್ದರು ಎಂದು ಈ ಅಧ್ಯಯನ ಹೇಳುವುದಿಲ್ಲ, ನಾನೂ ಹಾಗೆ ಎಳೆಯುವುದಿಲ್ಲ. ಆದರೆ ಇಷ್ಟಂತೂ ಹೇಳಬಹುದು: ಎಷ್ಟು ದೂರ ಹೋದೆವು, ಎಷ್ಟು ಕಂಡೆವು ಎಂಬುದಲ್ಲ, ಹೇಗೆ ಇದ್ದೆವು ಎಂಬುದೇ ಮನೆಗೆ ಬಂದ ಮೇಲೂ ಜೊತೆಗಿರುತ್ತದೆ. ನಮ್ಮ ಸಾಹಿತ್ಯದಲ್ಲಿಯೂ ಇದಕ್ಕೆ ಪುರಾವೆ ಉಂಟು. ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ' ಒಂದೇ ಹಂಪೆಯ ಯಾತ್ರೆಯಿಂದ ಹುಟ್ಟಿದ ಪುಸ್ತಕ. ಒಂದು ಜಾಗ, ನೋಡುವ ಮನಸ್ಸು ಮತ್ತು ಸಾಕಷ್ಟು ಹೊತ್ತು ಇಷ್ಟೇ ಅದಕ್ಕೆ ಬೇಕಾದ ಬಂಡವಾಳ.

"ದೇಶ ಸುತ್ತು, ಕೋಶ ಓದು ಎಂದಿದ್ದಾರಲ್ಲ, ಕೂರು ಎಂದಿಲ್ಲವಲ್ಲ" ಎಂದು ಕೇಳುವವರಿದ್ದಾರೆ. ಆ ಗಾದೆ ಹುಟ್ಟಿದ ಕಾಲದಲ್ಲಿ ಸುತ್ತುವುದೆಂದರೆ ಕಾಲ್ನಡಿಗೆ ಅಥವಾ ಎತ್ತಿನ ಗಾಡಿ. ಹೊಳೆ ತುಂಬಿದರೆ ಇಳಿಯುವ ತನಕ ಈಚೆ ದಡದ ಛತ್ರದಲ್ಲೇ ಇರಬೇಕಿತ್ತು. ಊರೂರು ಸುತ್ತುವುದೇ ಧರ್ಮವಾಗಿದ್ದ ಸನ್ಯಾಸಿಗಳಿಗೂ ಮಳೆಗಾಲದಲ್ಲಿ ಒಂದೇ ಕಡೆ ನಿಲ್ಲಬೇಕೆಂಬ ಚಾತುರ್ಮಾಸ್ಯದ ಕಟ್ಟಳೆ ಇತ್ತು. ಬೌದ್ಧ ಭಿಕ್ಷುಗಳಿಗೂ ಅಂಥದೇ ವರ್ಷಾವಾಸ ಇತ್ತು, ಶ್ರೀಲಂಕಾದಲ್ಲಿ ಅದು ಇಂದಿಗೂ ಆಚರಣೆಯಲ್ಲಿದೆ. ಹಳಬರ ಸುತ್ತಾಟದಲ್ಲಿ ನಿಲುಗಡೆ ತಾನಾಗಿಯೇ ಸೇರಿತ್ತು. ಇವತ್ತು ಅದನ್ನು ನಾವೇ ಬೇಕೆಂದು ಸೇರಿಸಿಕೊಳ್ಳಬೇಕಾಗಿದೆ.

ಇದಕ್ಕಿಂತ ಭಾರವಾದ ಆಕ್ಷೇಪ ಹಣದ್ದು. ಮಧ್ಯಮ ವರ್ಗದ ಮನೆಯೊಂದು ವರ್ಷಗಟ್ಟಲೆ ಕೂಡಿಟ್ಟು ಹೊರಡುತ್ತದೆ. ಮತ್ತೆ ಹೋಗುವುದು ಆಗುತ್ತದೋ ಇಲ್ಲವೋ. ಹೋದಾಗಲೇ ಎಲ್ಲವನ್ನೂ ನೋಡಿ ಬರೋಣ ಎನ್ನುವುದರಲ್ಲಿ ತಪ್ಪೇನು? ಈ ಮಾತನ್ನು ಹಗುರವಾಗಿ ತಳ್ಳಿಹಾಕಲು ಆಗದು. ಸಿಗಿರಿಯ ಬಿಟ್ಟು ಬರುವುದು ನಿಜವಾದ ನಷ್ಟ. ಕಾಡಿನ ನಡುವೆ ಒಂಟಿಯಾಗಿ ಎದ್ದ ಬಂಡೆ, ಅದರ ನೆತ್ತಿಯ ಮೇಲೆ ಐದನೆಯ ಶತಮಾನದ ಕಾಶ್ಯಪ ರಾಜನ ಅರಮನೆಯ ತಳಪಾಯ, ನಡುಎತ್ತರದಲ್ಲಿ ಬಂಡೆಗೆ ಬರೆದ ಸುಂದರಿಯರ ಚಿತ್ರಗಳು. ನಷ್ಟವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಪ್ಯಾಕೇಜಿನವರಿಗೂ ಆ ಬಂಡೆ ಪೂರ್ತಿ ಸಿಗುವುದಿಲ್ಲ. ನಾಲ್ಕು ಗಂಟೆ ಕಾರಿನಲ್ಲಿ ಕುಲುಕಾಡಿ, ಉರಿಬಿಸಿಲಲ್ಲಿ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿದು, ಸಂಜೆಯೊಳಗೆ ಮುಂದಿನ ಊರು ಸೇರಬೇಕೆಂಬ ತರಾತುರಿಯಲ್ಲಿ ಕಾಶ್ಯಪನ ಕಥೆ ಕೇಳುವ ವ್ಯವಧಾನ ಯಾರಿಗಿರುತ್ತದೆ? ಇನ್ನು ಹಣದ ಮಾತು. ಊರಿಂದೂರಿಗೆ ಹೋಗುವ ಕಾರಿನ ಬಾಡಿಗೆ ಇಂಥ ಪ್ರವಾಸದ ದೊಡ್ಡ ಖರ್ಚುಗಳಲ್ಲಿ ಒಂದು. ಒಂದೇ ಊರಿನಲ್ಲಿದ್ದರೆ ಅದು ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ, ಒಂದೇ ಮನೆಯಲ್ಲಿ ಐದು ರಾತ್ರಿ ಎಂದಾಗ ಬಾಡಿಗೆಯನ್ನೂ ಮಾತಾಡಿ ಇಳಿಸಬಹುದು. ಹಾಗೆ ಉಳಿದ ಹಣವೇ ಎರಡನೆಯ ಪ್ರವಾಸಕ್ಕೆ ಗಂಟು. ಸಿಗಿರಿಯ ಸಾವಿರದ ಐನೂರು ವರ್ಷದಿಂದ ನಿಂತಿದೆ, ಇನ್ನೂ ನಾಲ್ಕು ವರ್ಷ ಕಾಯುತ್ತದೆ.

"ಐದು ದಿನ ಒಂದೇ ಊರಿನಲ್ಲಿ ಮಾಡುವುದೇನು, ಮಕ್ಕಳಿಗೆ ಬೇಸರವಾಗದೇ?" ಎಂಬ ಪ್ರಶ್ನೆಗೆ ಕ್ಯಾಂಡಿಯೇ ಉತ್ತರ ಕೊಡಲಿ. ಕೆರೆಯ ಸುತ್ತಿನ ದಾರಿ ಮೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಕೆರೆಯನ್ನು 1807ರಲ್ಲಿ ಕಟ್ಟಿಸಿದವನು ಕೊನೆಯ ದೊರೆ ಶ್ರೀ ವಿಕ್ರಮ ರಾಜಸಿಂಹ. ದಂಡೆಯ ಬಿಳಿ ಗೋಡೆಗೆ ವಲಾಕುಳು ಬೆಮ್ಮ, ಅಂದರೆ ಮೋಡದ ಗೋಡೆ ಎಂದು ಹೆಸರು. ಅದರಲ್ಲಿ ಮುಕ್ಕೋನದ ಗೂಡುಗಳಿವೆ, ಹಬ್ಬದ ರಾತ್ರಿ ಎಣ್ಣೆದೀಪ ಇಡುವುದಕ್ಕೆ. ಮಧುರೆಯ ನಾಯಕರ ಬಳಗಕ್ಕೆ ಸೇರಿದ ಈ ದೊರೆಯನ್ನು 1815ರಲ್ಲಿ ಇಂಗ್ಲಿಷರು ಪದಚ್ಯುತಗೊಳಿಸಿ ವೆಲ್ಲೂರಿನ ಕೋಟೆಗೆ ಸಾಗಿಸಿದರು. 1832ರಲ್ಲಿ ಅವನು ತೀರಿಕೊಂಡದ್ದೂ ಅಲ್ಲೇ. ವೆಲ್ಲೂರಿನ ಆಸ್ಪತ್ರೆಗೆ ಹೋಗಿಬರುವ ಎಷ್ಟೋ ಕನ್ನಡಿಗರು ಆ ಕೋಟೆಯ ಪಕ್ಕದಲ್ಲೇ ಹಾದುಹೋಗಿರುತ್ತಾರೆ. ಕೆರೆಯ ಒಂದು ಸುತ್ತು ಮುಗಿಸುವುದರೊಳಗೆ ಹಿರಿಯರೊಬ್ಬರು ಮಕ್ಕಳಿಗೆ ಇಷ್ಟು ಕಥೆ ಹೇಳಬಹುದು. ಮಾರನೆಯ ದಿನ ಆರು ಕಿಲೋಮೀಟರು ದೂರದ ಪೆರಾದೆಣಿಯ. 1821ರಲ್ಲಿ ಶುರುವಾದ, 147 ಎಕರೆಯ ಸಸ್ಯೋದ್ಯಾನ ಅಲ್ಲಿದೆ, ಮಹಾವೇಲಿ ನದಿ ಅದನ್ನು ಬಳಸಿಕೊಂಡು ಹರಿಯುತ್ತದೆ. ಗಗನಯಾತ್ರಿ ಯೂರಿ ಗಗಾರಿನ್ 1961ರಲ್ಲಿ ನೆಟ್ಟ ಮರ ಇದೆ, ಮರಗಳಿಂದ ಜೋತುಬಿದ್ದ ದೊಡ್ಡ ಬಾವಲಿಗಳ ಹಿಂಡೂ ಇದೆ. ಮಕ್ಕಳನ್ನು ಅಲ್ಲಿಂದ ಹೊರಡಿಸುವುದೇ ಕಷ್ಟವಾದೀತು. ಮೂರನೆಯ ದಿನಕ್ಕೆ ಊರಾಚೆಯ ಮೂರು ಗುಡಿಗಳು: ಗಡಲಾದೆಣಿಯ, ಲಂಕಾತಿಲಕ, ಎಂಬೆಕ್ಕೆ. 1344ರ ಗಡಲಾದೆಣಿಯದ ಕಲ್ಲುಗುಡಿಯನ್ನು ಕಟ್ಟಿದವನು ಗಣೇಶ್ವರಾಚಾರಿ ಎಂಬ ದಕ್ಷಿಣ ಭಾರತದ ಶಿಲ್ಪಿ. ವಿಜಯನಗರ ತಲೆಯೆತ್ತುತ್ತಿದ್ದ ಕಾಲವೂ ಅದೇ. ಹಂಪೆ ನೋಡಿದ ಕಣ್ಣಿಗೆ ಆ ಕಂಬಗಳು ಗುರುತು ಹಿಡಿಯುವಂತಿವೆ. ಗದ್ದೆಗಳ ನಡುವಿನ ದಾರಿಯಲ್ಲಿ ಮುಂದೆ ಹೋದರೆ ಎಂಬೆಕ್ಕೆಯ ಮರದ ಕಂಬಗಳು, ಒಂದೊಂದರ ಮೇಲೂ ಬೇರೆ ಬೇರೆ ಕೆತ್ತನೆ. ಹೀಗೆ ಅರ್ಧ ದಿನ ಹೊರಗೆ, ಉಳಿದರ್ಧ ಕೋಣೆಯಲ್ಲಿ ಅಥವಾ ಕೆರೆಯ ದಂಡೆಯಲ್ಲಿ. ನಾಲ್ಕನೆಯ ದಿನ ಏನೂ ಬೇಡ. ಮಂಡಿನೋವಿನ ಹಿರಿಯರಿಗೆ ಆ ಏನೂ ಇಲ್ಲದ ದಿನವೇ ಪ್ರವಾಸದ ಅತ್ಯುತ್ತಮ ದಿನವಾಗಬಹುದು.

ಊಟದ ವಿಚಾರಕ್ಕೂ ಒಂದೇ ಕಡೆ ಇರುವುದು ಅನುಕೂಲ, ಅದರಲ್ಲೂ ಸಸ್ಯಾಹಾರಿಗಳಿಗೆ. ಬೆಳಗಿನ ತಿಂಡಿಗೆ ಅಲ್ಲಿ ಇಂದಿ ಆಪ್ಪ ಕೊಡುತ್ತಾರೆ, ನಮ್ಮ ಕರಾವಳಿಯ ಒತ್ತು ಶ್ಯಾವಿಗೆಯೇ ಅದು. ಜೊತೆಗೆ ಪೊಲ್ ಸಂಬೋಲ ಎಂಬ ಕೆಂಪು ತೆಂಗಿನಕಾಯಿ ಚಟ್ನಿ. ನೋಡುವುದಕ್ಕೆ ನಮ್ಮ ಚಟ್ನಿಯೇ, ಆದರೆ ಬಹಳ ಕಡೆ ಅದಕ್ಕೆ ಉಂಬಲಕಡ ಎಂಬ ಒಣಮೀನಿನ ಚೂರು ಸೇರಿಸುತ್ತಾರೆ. ಪಲ್ಯಗಳಿಗೂ ಹಾಕುವುದುಂಟು. ದಿನಕ್ಕೊಂದು ಹೋಟೆಲಿನಲ್ಲಿ ಮೀನು ಬೇಡವೆಂದು ಹೊಸದಾಗಿ ವಿವರಿಸುತ್ತ ಹೋಗುವುದು ಸಾಕುಬೇಕಾಗುತ್ತದೆ. ಒಂದೇ ಮನೆಯಲ್ಲಿದ್ದರೆ ಮೊದಲ ದಿನ ಹೇಳಿದರೆ ಮುಗಿಯಿತು, ಎರಡನೆಯ ದಿನದಿಂದ ಅಡುಗೆಯವರೇ ನೆನಪಿಟ್ಟುಕೊಳ್ಳುತ್ತಾರೆ. ಎಳೆ ಹಲಸಿನ ಪಲ್ಯ, ಅಲ್ಲಿಯವರ ಪೊಲೊಸ್, ನಮ್ಮ ಗುಜ್ಜೆ, ಬೇಡಿ ಮಾಡಿಸಿಕೊಳ್ಳಬಹುದು. ಭಾಷೆಯ ಮಾತೂ ಹೀಗೆಯೇ. ಆಯುಬೋವನ್ ಎನ್ನುವ ನಮಸ್ಕಾರದಲ್ಲಿ ನಮ್ಮ ಆಯುಷ್ಯವೇ ಇದೆ, ದೀರ್ಘಾಯುವಾಗು ಎಂದು ಅದರ ಅರ್ಥ. ಸ್ತೂತಿಯಿ ಎಂದರೆ ಧನ್ಯವಾದ. ಒಂದೇ ಅಂಗಡಿಗೆ ಮೂರು ದಿನ ಹೋದರೆ ಈ ಎರಡು ಮಾತೂ ನಾಲಿಗೆಗೆ ಹತ್ತುತ್ತವೆ, ಅಂಗಡಿಯವರೂ ಮುಖ ಗುರುತಿಸಿ ನಗುತ್ತಾರೆ. ಪರದೇಶದಲ್ಲಿ ಒಬ್ಬರು ನಮ್ಮನ್ನು ಗುರುತಿಸಿದರು ಎಂಬುದು ಮೊದಲ ಸಲ ಹೋದವರಿಗೆ ಕೊಡುವ ಧೈರ್ಯ ಸಣ್ಣದಲ್ಲ.

ಇಂಗ್ಲಿಷ್ ಸರಾಗವಾಗಿ ಬಾರದವರಿಗೆ, ಒಂಟಿಯಾಗಿ ಹೊರಡುವ ಹಿರಿಯರಿಗೆ ಪ್ಯಾಕೇಜೇ ಸುರಕ್ಷಿತ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಹಾಗಿದ್ದರೆ ಏಜೆಂಟರ ಹತ್ತಿರ ಊರುಗಳ ಸಂಖ್ಯೆ ಕಡಿಮೆ ಮಾಡಿಸಿ. ಆರು ಊರಿನ ಬದಲು ಎರಡು ಎಂದು ಗಟ್ಟಿಯಾಗಿ ಕೇಳಿದರೆ ಹಾಗೇ ಮಾಡಿಕೊಡುವವರಿದ್ದಾರೆ. ಸ್ವಂತವಾಗಿ ಹೊರಡುವವರು ಏಳು ರಾತ್ರಿಯನ್ನು ಹೀಗೆ ಹಂಚಿಕೊಳ್ಳಲಿ: ಮೊದಲ ರಾತ್ರಿ ವಿಮಾನ ನಿಲ್ದಾಣದ ಹತ್ತಿರದ ನೆಗೊಂಬೊದಲ್ಲಿ, ಐದು ರಾತ್ರಿ ಕ್ಯಾಂಡಿಯಲ್ಲಿ, ಕೊನೆಯದು ಮತ್ತೆ ನೆಗೊಂಬೊದಲ್ಲಿ. ಹಗಲು ಇಳಿಯುವ ವಿಮಾನ ಹಿಡಿಯಿರಿ. ಇಳಿದ ದಿನ ಘಟ್ಟ ಹತ್ತುವುದು ಬೇಡ, ಮೊದಲ ದಿನದ ಆತಂಕ ಕರಗಲಿ. ಮರುದಿನ ಕೊಲಂಬೊ ಫೋರ್ಟ್ ನಿಲ್ದಾಣದಿಂದ ರೈಲಿನಲ್ಲಿ ಹೋದರೆ ಸುಮಾರು ಮೂರು ಗಂಟೆಯ ದಾರಿ. 1867ರಲ್ಲಿ ಆ ಹಳಿ ಕ್ಯಾಂಡಿ ಮುಟ್ಟಿದ್ದು ಮುಖ್ಯವಾಗಿ ಕಾಫಿ ಸಾಗಿಸುವುದಕ್ಕೆ. ಆಮೇಲೆ ಎಲೆ ತುಕ್ಕಿನ ರೋಗ ಬಂದು ಅಲ್ಲಿಯ ಕಾಫಿ ಅಳಿದು ಚಹಾ ಬಂತು. ಕೊಡಗು, ಚಿಕ್ಕಮಗಳೂರಿನ ತೋಟಗಳನ್ನು ಕಾಡಿದ್ದೂ ಅದೇ ರೋಗ. ಮಳೆಗೆ ಆ ಘಟ್ಟದಲ್ಲಿ ಗುಡ್ಡ ಕುಸಿದು ರೈಲು ನಿಲ್ಲುವುದುಂಟು, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಕ್ಯಾಂಡಿಗೆ ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಪ್ರತಿ ಹುಣ್ಣಿಮೆ ಅಲ್ಲಿ ಪೋಯ ಎಂಬ ಸಾರ್ವಜನಿಕ ರಜೆ. ಕಚೇರಿ, ಬ್ಯಾಂಕು ಮುಚ್ಚಿರುತ್ತವೆ, ಆದರೆ ಬಿಳಿಯುಟ್ಟು ಗುಡಿಗೆ ಬರುವ ಜನರನ್ನು ನೋಡಬೇಕೆಂದರೆ ಅದೇ ದಿನ. ದೇಗುಲಕ್ಕೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಬುದ್ಧನ ಮೂರ್ತಿಗೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಳ್ಳುವುದನ್ನು ಅಲ್ಲಿಯವರು ಅವಮಾನವೆಂದು ತಿಳಿಯುತ್ತಾರೆ. 2024ರ ಫೆಬ್ರವರಿಯಿಂದ ಅಲ್ಲಿಯ ಕೆಲವು ಅಂಗಡಿಗಳಲ್ಲಿ ಯುಪಿಐ ನಡೆಯುತ್ತದೆ, ಅದೊಂದನ್ನೇ ನಂಬಿ ಹೋಗುವುದು ಬೇಡ, ಕೈಯಲ್ಲಿ ಅಲ್ಲಿಯ ರೂಪಾಯಿ ಇರಲಿ. ಭಾರತೀಯರು ಇಟಿಎ ಎಂಬ ಪ್ರವೇಶ ಪರವಾನಗಿಯನ್ನು ಮುಂಚೆಯೇ ಆನ್‌ಲೈನಿನಲ್ಲಿ ಪಡೆದುಕೊಳ್ಳುವುದು ಒಳ್ಳೆಯದು. ಅದರ ಶುಲ್ಕ, ನಿಯಮ ಆಗಾಗ ಬದಲಾಗುತ್ತವೆ. ಶ್ರೀಲಂಕಾ ಸರಕಾರದ ಅಧಿಕೃತ ಜಾಲತಾಣವನ್ನೇ ನೋಡಿ, ಅದನ್ನೇ ಹೋಲುವ ನಕಲಿ ತಾಣಗಳು ಹೆಚ್ಚು ಹಣ ಕೀಳುತ್ತವೆ.

ಇವೆಲ್ಲಕ್ಕೂ ಮುಂಚಿನ ಕೆಲಸ ಒಂದಿದೆ. ಪಾಸ್‌ಪೋರ್ಟಿಗೆ ಪ್ರವಾಸದ ಕಾಲಕ್ಕೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಎಷ್ಟೋ ಮನೆಗಳಲ್ಲಿ ಅದು ಮಾಡಿಸಿಟ್ಟಲ್ಲೇ ಬೀರುವಿನಲ್ಲಿರುತ್ತದೆ, ತೆರೆದು ನೋಡಿದವರಿಲ್ಲ. ಈ ಮಾತು ಮುಗಿದ ಮೇಲೆ ದಯವಿಟ್ಟು ಎದ್ದು ಹೋಗಿ, ಅದರ ಕೊನೆಯ ದಿನಾಂಕ ಯಾವುದೆಂದು ಒಮ್ಮೆ ನೋಡಿ.